‘ಸತ್ತ’ ಅನ್ನುವ ಮಾತು

ಸೋಲೂರು
2-3-2008

ಮುನಾವರ್,

ನೀನು ದಿನಾ ಫೋನು ಮಾಡುತ್ತಿರುವುದು ನನಗೆ ಗೊತ್ತು. ಲೈನು ಕೆಟ್ಟಿಲ್ಲ. ನಾನೇ ವೈರು ಕಿತ್ತು ಬೀರುವಿನಲ್ಲಿ ಇಟ್ಟಿದ್ದೇನೆ. ನಿಮ್ಮ ಭಾವ "ಡೇರಿಯೋರು ಫೋನ್ ಮಾಡುದ್ರೆ ಏನ್ ಮಾಡಾದು?" ಎಂದು ಎರಡು ದಿನ ಗೊಣಗಿದರು, ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು. ನಿನಗೆ ಹೇಳುವುದು ಏನಾದರೂ ಇದ್ದರೆ ಬರೆ. ಕಾಗದದಲ್ಲಿ ಬಂದ ಮಾತನ್ನು ಎರಡು ಸಲ ಓದಬಹುದು, ಯಾವ ಅರ್ಥದಲ್ಲಿ ಹೇಳಿದ್ದಾನೆ ಎಂದು ಯೋಚನೆ ಮಾಡಬಹುದು. ಫೋನಿನಲ್ಲಿ ಅಷ್ಟು ಪುರುಸೊತ್ತು ಸಿಗುವುದಿಲ್ಲ.

ಆ ಭಾನುವಾರದ ವಿಷಯ ಒಂದೇ ಒಂದು ಸಲ ಬರೆಯುತ್ತೇನೆ. ಲೋಕಿ ಎಲ್ಲಿ ಕಬಡ್ಡಿ ಆಡಿದರೂ ಆಟದ ಸುದ್ದಿ ನಮಗೆ ಮುಟ್ಟಿಸುತ್ತಿದ್ದವನು ನೀನು. ಹತ್ತಿರದ ಅಂಗಡಿಯ ಕಾಯಿನ್ ಬೂತಿಗೆ ಓಡಿ ಬಂದು "ಅಕ್ಕಾ, ಲೋಕಿ ಎರಡು ಪಾಯಿಂಟ್ ತಂದ" ಅನ್ನುತ್ತಿದ್ದೆ, ಇಲ್ಲದಿದ್ದರೆ "ಅಕ್ಕಾ, ಲೋಕಿ ಸತ್ತ" ಅನ್ನುತ್ತಿದ್ದೆ. ಅಂಕಣದಲ್ಲಿ ಔಟಾದವನನ್ನು ನಮ್ಮ ಕಡೆ ಎಲ್ಲರೂ ಹಾಗೇ ತಾನೆ ಅನ್ನುವುದು? ಅವತ್ತು ಕನಕಪುರದಿಂದ ನಿನ್ನ ಫೋನು ಬಂತು. "ಅಕ್ಕಾ, ಲೋಕಿ ಸತ್ತ" ಅಂದೆ. ನಾನು ನಕ್ಕೆ. "ಯಾರೋ ಹಿಡ್ದೋರು ನಮ್ ಹುಲೀನ?" ಅಂದೆ. ನೀನು ಮಾತಾಡಲಿಲ್ಲ. ಕಾಯಿನ್ ಮುಗಿಯಿತೇನೋ ಎಂದುಕೊಂಡು ಇಟ್ಟುಬಿಟ್ಟೆ.

ಅವ್ವನಿಗೂ ನಗುತ್ತಲೇ ಹೇಳಿದೆ, "ನಿನ್ ಮಗ ಸತ್ನಂತೆ ಕಣವ್ವ." ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. "ಫ್ಯಾಕ್ಟ್ರೀಲಿ ರಾತ್ರಿ ಪಾಳಿ ಮಾಡ್ಕಂಡು ಬಂದು ಆಡುದ್ರೆ ಇನ್ನೇನಾದದು" ಎಂದು ಸುಲಿಯುತ್ತಲೇ ಕೂತಳು. ಸಾಯಂಕಾಲ ನಿಮ್ಮ ಭಾವ ಮಾಗಡಿ ಬಸ್ಸು ಇಳಿದು ಓಡಿ ಬಂದು, ಬಾಗಿಲಲ್ಲೇ ಕುಸಿದು ಕೂತ ಮೇಲೆ ನಮಗೆ ಅರ್ಥವಾಯಿತು. ಇಡೀ ಜಿಲ್ಲೆಯಲ್ಲಿ ಸುದ್ದಿ ಮೊದಲು ಬಂದದ್ದು ನನಗೆ. ಕೊನೆಗೆ ಗೊತ್ತಾದದ್ದೂ ನನಗೇ.

ನಮ್ಮೂರು ಕೈಲಾಂಚದಲ್ಲಿ ಮಣ್ಣು ಮಾಡುವಾಗ ಅವ್ವ ಎದೆ ಬಡಿದುಕೊಂಡು ಅತ್ತಳು. ನನಗೆ ಒಂದು ಹನಿ ಬರಲಿಲ್ಲ. ಈವತ್ತಿಗೂ ಬಂದಿಲ್ಲ. ತಮ್ಮ ಹೋದ ಅಂದಾಗ ನಕ್ಕವಳಿಗೆ ಕಣ್ಣೀರು ಎಲ್ಲಿಂದ ಬರಬೇಕು? ತೀರಿಕೊಂಡ ಅನ್ನಬಹುದಿತ್ತು. ಹೋಗಿಬಿಟ್ಟ ಅನ್ನಬಹುದಿತ್ತು. ಸುಮ್ಮನೆ ಅಳಬಹುದಿತ್ತು ನೀನು. ಇಷ್ಟೆಲ್ಲ ಇರುವಾಗ ಆ ಮಾತೇ ಯಾಕೆ ಆಡಿದೆ? ಅದನ್ನು ಇನ್ನು ಮೇಲೆ ನಾನು ಬರೆಯುವುದಿಲ್ಲ, ನೀನೂ ಬರೆಯಬೇಡ.

ರಾಧಾಮಣಿ


ರಾಮನಗರ
14-3-2008

ರಾಧಕ್ಕನಿಗೆ ಸಲಾಂ.

ರೇಷ್ಮೆಗೂಡಿನ ನೂಲು ಬಿಚ್ಚುವ ಕೈಗೆ ಪೆನ್ನು ಒಗ್ಗುವುದಿಲ್ಲ. ತಪ್ಪಿದ್ದರೆ ಅಂಗನವಾಡಿ ಮಕ್ಕಳದ್ದನ್ನು ತಿದ್ದುವ ಹಾಗೆ ತಿದ್ದಿಕೊಳ್ಳಿ.

ಆ ಮಾತೇ ಯಾಕೆ ಎಂದು ಕೇಳಿದಿರಿ. ಹೇಳುತ್ತೇನೆ. ನಮ್ಮ ಮನೆಯಲ್ಲಿ ಯಾರಾದರೂ ಹೋದರೆ ‘ಇಂತಖಾಲ್ ಆಯಿತು’ ಅನ್ನುತ್ತೇವೆ. ಕನ್ನಡ ನಾನು ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೆ. ಬಾಯಿಗೆ ಬಂದ ಕನ್ನಡವೆಲ್ಲ ಕೈಲಾಂಚದ ಬಯಲಿನದು, ನಿಮ್ಮ ತಮ್ಮ ಕಲಿಸಿದ್ದು. ಮೊದಲ ದಿನ ನನ್ನನ್ನು ಹಿಡಿದು ಕೆಡವಿ ಆ ಮಾತು ಹೇಳಿ, "ಗೆರೆ ದಾಟ್ಲಾ" ಅಂದಿದ್ದ. ಅವತ್ತು ಬೂತಿನಲ್ಲಿ ನಿಂತಾಗ ನನ್ನ ಬಾಯಲ್ಲಿ ಬೇರೆ ಇನ್ನೊಂದು ಮಾತು ಇರಲಿಲ್ಲ ಅಕ್ಕ. ನೀವು ನಕ್ಕಿರಿ. ನನಗೆ ಆಗ ಏನನಿಸಿತು ಗೊತ್ತಾ? ಅಕ್ಕ ನಗುತ್ತಿದ್ದಾರೆ, ಅಂದರೆ ಏನೂ ಆಗಿಲ್ಲ, ನಾನೇ ಏನೋ ತಪ್ಪು ತಿಳಿದಿದ್ದೇನೆ ಅನಿಸಿತು. ನೀವು ಇಟ್ಟ ಮೇಲೂ ರಿಸೀವರ್ ಹಿಡಿದು ನಿಂತಿದ್ದೆ.

ಇಲ್ಲಿ ಇಡೀ ಊರಿಗೆ ಮಂಕು ಬಡಿದ ಹಾಗಿದೆ. ಗೂಡಿನ ಮಾರ್ಕೆಟ್ಟಿನಲ್ಲಿ ಸುದ್ದಿ ಬಂದಾಗ ಹರಾಜು ಕೂಗುತ್ತಿದ್ದವನ ಬಾಯಿ ಅರ್ಧದಲ್ಲೇ ನಿಂತಿತು. ಮೂವತ್ತೊಂದು ವರ್ಷದ ಆಳು, ರಾಜ್ಯಕ್ಕೆ ಆಡಿದವನು, ಬೆಳಗ್ಗೆ ಐಜೂರು ಸರ್ಕಲ್ಲಿನಲ್ಲಿ ಇಡ್ಲಿ ತಿಂದು ಹೋದವನು. ಯಾರು ನಂಬುತ್ತಾರೆ? ಇಲ್ಲಿಂದ ಚನ್ನಪಟ್ಟಣದವರೆಗೂ ಫ್ಲೆಕ್ಸ್ ಕಟ್ಟಿದ್ದಾರೆ. ಬೊಂಬೆ ಅಂಗಡಿಗಳ ಮುಂದೆ, ಸಿನಿಮಾದವರ ಪಕ್ಕದಲ್ಲಿ ನಮ್ಮ ಲೋಕಿ. ‘ಮತ್ತೆ ಹುಟ್ಟಿ ಬಾ’ ಎಂದು ಬರೆಸಿದ್ದಾರೆ. ಬದುಕಿದ್ದಾಗ ಅವನಿಗೆ ಬಸ್ಸಿನಲ್ಲಿ ಸೀಟು ಬಿಡದವರೂ ಫ್ಲೆಕ್ಸಿನ ಕೆಳಗೆ ತಮ್ಮ ಫೋಟೋ ಹಾಕಿಸಿಕೊಂಡಿದ್ದಾರೆ.

ಹಾರೋಹಳ್ಳಿಯ ಅವನ ಕಾರ್ಖಾನೆಯಲ್ಲೂ ಸಂತಾಪ ಸಭೆ ಮಾಡಿದರು. ಊಟದ ಹಾಲಿನಲ್ಲಿ ಎಲ್ಲರೂ ನಿಂತಿದ್ದೆವು. ಸಾಹೇಬರು ಕಾಗದ ಹಿಡಿದುಕೊಂಡು "ನಾಡು ಕಂಡ ಶ್ರೇಷ್ಠ ಖೋ ಖೋ ಆಟಗಾರ" ಅಂದರು. ಹಿಂದಿನಿಂದ ನಮ್ಮ ತಂಡದ ದೇವರಾಜು ಒಬ್ಬನೇ "ಕಬಡ್ಡಿ ಸಾರ್" ಎಂದ. ಕಂಪನಿಗಾಗಿ ಆರು ವರ್ಷ ಮಂಡಿ ತರಚಿಕೊಂಡವನು ಲೋಕಿ. ನಾವು ಮೊದಲು ಆಡುತ್ತಿದ್ದ ಬಯಲೆಲ್ಲ ಈಗ ಕಾಂಪೌಂಡು ಗೋಡೆ ಆಗಿದೆ, ಆಡಬೇಕು ಅಂದರೆ ಅವರ ಹತ್ತಿರವೇ ಹೋಗಬೇಕು, ಹೋದ. ಅವರಿಗೆ ಆಟದ ಹೆಸರೇ ಗೊತ್ತಿಲ್ಲ.

ಒಂದು ವಿಷಯ. ಹೊಸ ಜಿಲ್ಲೆಯ ಕಬಡ್ಡಿ ಸಂಘದವರು ಲೋಕಿ ಹೆಸರಿನಲ್ಲಿ ಪಂದ್ಯಾವಳಿ ಮಾಡಬೇಕು ಅಂತಿದ್ದಾರೆ, ರಂಜಾನ್ ಮುಗಿದ ಮೇಲೆ. ನಿಮ್ಮ ಅವ್ವ ಶಿವಲಿಂಗಮ್ಮನವರು ಬಂದು ಫೋಟೋಗೆ ಹಾರ ಹಾಕಬೇಕಂತೆ. ನಿಮ್ಮನ್ನು ಕೇಳುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ನಿಮ್ಮ ತಮ್ಮನ ಜೊತೆ ನಿಮಗೆ ತಮ್ಮನಾದವನು,
ಮುನಾವರ್


ಸೋಲೂರು
9-4-2008

ಮುನಾವರ್,

ನಮಗೆ ಈ ಸಲ ಯುಗಾದಿ ಇಲ್ಲ. ಪಕ್ಕದ ಮನೆಯವರು ಒಬ್ಬಟ್ಟು ತಂದು ಕೊಟ್ಟರು. ಅವ್ವ ಮುಟ್ಟಲಿಲ್ಲ, ನಾನು ತಿಂದೆ. ನೋಡು, ನನಗೆ ಊಟವೂ ಸೇರುತ್ತದೆ, ನಿದ್ದೆಯೂ ಬರುತ್ತದೆ. ಅದೇ ನನಗೆ ಹೆದರಿಕೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ, ತೂಕ ಮಾಡುತ್ತೇನೆ, ನಗುತ್ತೇನೆ. ಲೋಕಿ ಇನ್ನೂ ಎಲ್ಲೋ ಟೂರ್ನಮೆಂಟಿಗೆ ಹೋಗಿದ್ದಾನೆ ಎನ್ನುವ ಹಾಗೆ ಇದ್ದುಬಿಟ್ಟಿದ್ದೇನೆ. ಡಾಕ್ಟರ ರಿಪೋರ್ಟಿನಲ್ಲಿ ಅವನ ಹೃದಯ ಮೊದಲಿಂದಲೂ ದೊಡ್ಡದಾಗಿತ್ತು ಎಂದು ಬರೆದಿದ್ದಾರಂತೆ. ನಿಮ್ಮ ಭಾವ ಓದಿ ಹೇಳಿದರು. ಅವ್ವ, "ಅದ ಕುಯ್ದು ನೋಡ್ಬೇಕಿತ್ತಾ, ನನ್ನ ಕೇಳಿದ್ರೆ ಯೋಳ್ತಿರ್ಲಿಲ್ವಾ" ಅಂದಳು.

ನಿನ್ನ ಮಾತಿನ ಕಥೆ ಓದಿದೆ. ನಂಬುತ್ತೇನೆ. ಆದರೂ ನಿನ್ನ ಕಾಗದದಲ್ಲಿ ಒಂದು ತೂತು ಇದೆ. ಅವನು ಇಡ್ಲಿ ತಿಂದದ್ದು ಬರೆದೆ, ಬೂತಿನಲ್ಲಿ ನಿಂತದ್ದು ಬರೆದೆ. ನಡುವೆ ಏನಾಯಿತು? ಪೇಪರಿನಲ್ಲಿ ‘ಅಂಕಣದಲ್ಲೇ ಪ್ರಾಣ ಬಿಟ್ಟ ಧೀರ’ ಎಂದು ಒಂದು ಸಾಲು ಬಂತು, ಅಷ್ಟೆ. ಕಳೆದ ವಾರ ಮೈಕ್ ಸೆಟ್ ಅಂಕಯ್ಯ ಬಂದಿದ್ದರು. ನಮ್ಮ ತಾಲ್ಲೂಕುಗಳಲ್ಲಿ ಅವರ ದನಿ ಇಲ್ಲದೆ ಒಂದು ಪಂದ್ಯವೂ ನಡೆದದ್ದಿಲ್ಲ, ಲೋಕಿಗೆ ಹುಲಿ ಎಂದು ಹೆಸರು ಇಟ್ಟವರೇ ಅವರು. ಅಷ್ಟು ಮಾತಿನ ಮನುಷ್ಯ ಒಂದು ಮಾತೂ ಆಡದೆ ಅವ್ವನ ಕಾಲು ಹಿಡಿದುಕೊಂಡು ಕೂತರು. ನೀರೂ ಕುಡಿಯದೆ ಎದ್ದು ಹೋದರು. ಅವರು ಯಾಕೆ ಕಾಲು ಹಿಡಿಯಬೇಕು? ಅವರೇನು ಮಾಡಿದರು?

ಪಂದ್ಯಾವಳಿ ಬೇಡ. ಅವನ ಫೋಟೋಗೆ ಹಾರ ಹಾಕಿ, ಅದೇ ಫೋಟೋದ ಮುಂದೆ ಗಂಟೆಗೊಂದು ಸಲ ಆ ಮಾತನ್ನು ಮೈಕಿನಲ್ಲಿ ಕೂಗುತ್ತೀರಿ. ಜನ ಚಪ್ಪಾಳೆ ತಟ್ಟುತ್ತದೆ. ನನ್ನಿಂದ ಆಗುವುದಿಲ್ಲ. ಆ ಮಾತಿಲ್ಲದೆ ಆಡುವುದಾದರೆ ಆಡಿ. ಆಡಿ ತೋರಿಸಿದ ಮೇಲೆ ಕೇಳು.

ರಾಧಾಮಣಿ


ರಾಮನಗರ
27-5-2008

ರಾಧಕ್ಕ,

ನಿಮ್ಮ ಷರತ್ತು ಸಂಘದಲ್ಲಿ ಓದಿದೆ. ಒಬ್ಬರೂ ನಗಲಿಲ್ಲ. "ಆ ಯಮ್ಮ ಯೋಳಾದು ನ್ಯಾಯವಾಗೈತೆ" ಅಂದರು. ಸರಿ, ಆ ಮಾತು ಬಿಟ್ಟು ಆಡೋಣ ಎಂದು ಭಾನುವಾರ ಭಾನುವಾರ ಪ್ರಾಕ್ಟೀಸು ಶುರುಮಾಡಿದೆವು. ನಮ್ಮ ಪಾಡು ಏನು ಹೇಳಲಿ!

ಹಿಡಿದ ಕೂಡಲೇ ಎಲ್ಲರ ಬಾಯೂ ಅರ್ಧ ತೆರೆಯುತ್ತದೆ, ಆಮೇಲೆ ಗಪ್ಪಂತ ಮುಚ್ಚಿಕೊಳ್ಳುತ್ತದೆ. ಒಬ್ಬ ‘ಹೋದ’ ಎಂದ. ಅದೂ ಅದೇ ಅರ್ಥ ಎಂದು ದೇವರಾಜು ಬೈದ. ಇನ್ನೊಬ್ಬ ‘ಮುಗೀತು’ ಎಂದ. ನಮ್ಮ ಪೈಕಿ ಒಬ್ಬ ‘ಖಲಾಸ್’ ಎಂದು ಒದೆ ತಿಂದ. ಹುಡುಕುತ್ತಾ ಹೋದರೆ ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ ಅಕ್ಕ. ‘ಔಟ್’ ಅನ್ನೋಣ ಅಂದರೆ ಹಳಬರು "ಅದು ಕ್ರಿಕೆಟ್ಟು, ನಮಗ್ಯಾಕ್ಲಾ" ಅನ್ನುತ್ತಾರೆ. ಕೊನೆಗೆ ‘ಹೊರಗೆ’ ಎಂದು ಇಟ್ಟುಕೊಂಡಿದ್ದೇವೆ. "ಮೂರನೇ ನಂಬರ್ ಆಟಗಾರ ಹೊರಗೆ." ಬಾಡಿಗೆ ಮನೆ ಖಾಲಿ ಮಾಡಿಸಿದ ಹಾಗೆ ಕೇಳಿಸುತ್ತದೆ. ಆದರೂ ಅಭ್ಯಾಸ ಆಗುತ್ತಿದೆ.

ಅಂಕಯ್ಯನವರು ಮಾತ್ರ ಮೈಕು ಮುಟ್ಟುತ್ತಿಲ್ಲ. ಈಗ ತಾನೆ ಚುನಾವಣೆ ಮುಗಿಯಿತಲ್ಲ, ಊರೆಲ್ಲ ಅವರ ಸೆಟ್ಟುಗಳೇ ಕೂಗಿದವು, ಅವರು ಅಂಗಡಿಯೊಳಗೆ ಬಲ್ಬು ಹಾಕದೆ ಕೂತಿದ್ದರು. ಯಾಕೆ ಎಂದು ನೀವು ಕೇಳಿದಿರಿ. ವಯಸ್ಸಾಯಿತು, ಲೋಕಿಯನ್ನು ಮಗನ ಹಾಗೆ ನೋಡಿಕೊಂಡಿದ್ದರು, ಇನ್ನೇನು ಇರುತ್ತದೆ?

ನಿಮ್ಮ ಒಪ್ಪಿಗೆಗೆ ಕಾಯುತ್ತಿರುವ,
ಮುನಾವರ್


ಸೋಲೂರು
8-6-2008

ಮುನಾವರ್,

ಇನ್ನೇನು ಇರುತ್ತದೆ ಎಂದು ನನ್ನನ್ನೇ ಕೇಳುತ್ತೀಯಾ? ನಾನು ಲೋಕಿಗಿಂತ ಒಂಬತ್ತು ವರ್ಷ ದೊಡ್ಡವಳು. ಪಕ್ಕದ ತೋಟದ ಸೀಬೆಕಾಯಿ ಕದ್ದು ಬಂದು ನೀವಿಬ್ಬರೂ ನನ್ನ ಮುಂದೆ ನಿಂತಾಗ, ಮೊದಲು ನಿನ್ನ ಮುಖ ನೋಡುತ್ತಿದ್ದೆ. ಲೋಕಿ ಸುಳ್ಳು ಹೇಳಿಬಿಡುತ್ತಿದ್ದ. ನೀನು ಬೇರೆ ಏನಾದರೂ ಹೇಳುತ್ತಿದ್ದೆ. ಈಗಲೂ ನಾನು ಕೇಳಿದ್ದು ಒಂದು, ನೀನು ನಗಿಸುತ್ತಿರುವುದು ಇನ್ನೊಂದು.

ಅವನು ಬಿದ್ದದ್ದಕ್ಕೂ ನೀನು ಫೋನು ಮಾಡಿದ್ದಕ್ಕೂ ನಡುವೆ ಏನಾಯಿತು? ಅದನ್ನು ಬರೆಯದೆ ಕಾಗದ ಹಾಕಬೇಡ. ಹಾಕಿದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ರಾಧಾಮಣಿ


ರಾಮನಗರ
17-8-2008

ರಾಧಕ್ಕ,

ಎಷ್ಟೋ ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ. ನಿಮ್ಮ ಜೊತೆ ಯಾರಾದರೂ ಇರುವಾಗ ಓದಿ.

ಲೋಕಿಯ ಹೆಣದಾಟ ನಿಮಗೆ ಗೊತ್ತಲ್ಲ. ಹಿಡಿದು ಕೆಡವಿದಾಗಲೆಲ್ಲ ಕೈಕಾಲು ಚಾಚಿ, ನಾಲಿಗೆ ಹೊರಗೆ ಹಾಕಿ, ಅಲ್ಲಾಡದೆ ಬಿದ್ದಿರುತ್ತಿದ್ದ. ಜನ ಶಿಳ್ಳೆ ಹೊಡೆದು ಸುಸ್ತಾದ ಮೇಲೆ ಚಂಗನೆ ನೆಗೆದು ಸಲ್ಯೂಟ್ ಹೊಡೆಯುತ್ತಿದ್ದ. ಅರ್ಧ ಜನ ಬರುತ್ತಿದ್ದದ್ದೇ ಅದನ್ನು ನೋಡುವುದಕ್ಕೆ.

ಅವತ್ತು ಕನಕಪುರದಲ್ಲಿ ಎರಡನೇ ಅರ್ಧ. ಲೋಕಿ ಕಬಡ್ಡಿ ಕಬಡ್ಡಿ ಎಂದು ಒಳಗೆ ಹೋದ. ಮೂರು ಜನ ಸೇರಿ ಹಿಡಿದರು. ಜೋರಾದ ಪೆಟ್ಟೇನಲ್ಲ, ಮಾಮೂಲಿ ಹಿಡಿತ, ಆ ಹುಡುಗರದ್ದು ಏನೂ ತಪ್ಪಿಲ್ಲ. ಬಿದ್ದ. ಅಂಕಯ್ಯ ಮೈಕಿನಲ್ಲಿ ಎಂದಿನ ಹಾಗೇ ಆ ಮಾತು ಕೂಗಿದರು. ಜನ ಎಂದಿನ ಹಾಗೇ ಶಿಳ್ಳೆ ಹೊಡೆದರು. ಅವನು ಏಳಲಿಲ್ಲ. ಹೆಣದಾಟ ಆಡುತ್ತಿದ್ದಾನೆ ಎಂದು ಎಲ್ಲರಿಗೂ ಖುಷಿ. ಹಿಡಿದ ಹುಡುಗರೇ ಅವನ ಕೈಕಾಲು ಹಿಡಿದು ಎತ್ತಿ, ಹೆಣ ಹೊರುವವರ ಹಾಗೆ ಅಳುವ ನಾಟಕ ಮಾಡುತ್ತಾ, ಗೆರೆಯಾಚೆ ಹೊತ್ತುಕೊಂಡು ಬಂದು ಮಲಗಿಸಿದರು. ಬಯಲಿಗೆ ಬಯಲೇ ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಗುತ್ತಿದ್ದೆ. ಬಿಸಿಲಿತ್ತು, ಒದ್ದೆ ಟವೆಲು ತಂದು ಅವನ ಮುಖದ ಮೇಲೆ ಹಾಕಿ ಪಕ್ಕದಲ್ಲಿ ಕೂತೆ. ಆಟ ನಡೆಯಿತು.

ಆಮೇಲೆ ದೇವರಾಜು ಹೋಗಿ ಎದುರಿನವರಲ್ಲಿ ಒಬ್ಬನನ್ನು ಮುಟ್ಟಿ ಬಂದ. ಅವರಲ್ಲಿ ಒಬ್ಬ ಹೊರಗೆ ಹೋದರೆ ನಮ್ಮಲ್ಲಿ ಒಬ್ಬ ಏಳಬೇಕು, ಅದು ಆಟದ ನಿಯಮ. ಏಳುವ ಸರದಿ ಲೋಕಿಯದು. ಅಂಕಯ್ಯ ಕುರ್ಚಿಯಿಂದ ಎದ್ದು ನಿಂತು ಕೂಗಿದರು: "ಎದ್ದ! ಕೈಲಾಂಚದ ಹುಲಿ ಎದ್ದ! ಲೋಕೇಶ ಎದ್ದ!" ಜನವೂ ಎದ್ದ ಎದ್ದ ಎಂದು ಕೂಗಿತು. ಲೋಕಿ ಏಳಲಿಲ್ಲ. "ಸಾಕ್ ಬಾರ್ಲಾ ನಾಟ್ಕ, ಆಟ ನಿಂತೈತೆ" ಎಂದು ಮೈಕಿನಲ್ಲೇ ಬೈದರು. ಜನ ಮತ್ತೆ ನಕ್ಕರು. ದೇವರಾಜು ಓಡಿ ಬಂದು ಅವನ ಕೈ ಹಿಡಿದು ಎಳೆದ. ಎಳೆದವನು ಕೈ ಬಿಟ್ಟು ನನ್ನ ಮುಖ ನೋಡಿದ. ನಾನು ಟವೆಲು ತೆಗೆದೆ.

ಅಂಕಯ್ಯನಿಗೆ ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ನಾವು ಅವನ ಎದೆ ಒತ್ತುತ್ತಿದ್ದಾಗಲೂ ಮೈಕು ಎದ್ದ ಎದ್ದ ಅನ್ನುತ್ತಲೇ ಇತ್ತು. ಯಾರೋ ಓಡಿ ಹೋಗಿ ವೈರು ಕಿತ್ತರು. ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಆಡಿಸಿದ ಮೇಲೆ ನಾನು ನಿಮಗೆ ಫೋನು ಮಾಡಿದ್ದು.

ನೀವು ಒಬ್ಬರೇ ನಕ್ಕಿರಿ ಎಂದುಕೊಂಡು ಕೊರಗುತ್ತಿದ್ದೀರಿ. ಅಲ್ಲಿ ಮೂರು ಸಾವಿರ ಜನ ನಕ್ಕರು ಅಕ್ಕ. ಪಕ್ಕದಲ್ಲಿ ಕೂತ ನಾನೂ ನಕ್ಕೆ. ಇದನ್ನು ಹೇಗೆ ಬರೆಯಲಿ ನಿಮಗೆ? ನಿಮ್ಮ ತಮ್ಮನನ್ನು ಎಲ್ಲರೂ ನಗುತ್ತಾ ಕಳಿಸಿದೆವು ಎಂದು ಬರೆಯಲಾ? ಅದಕ್ಕೇ ಬರೆದಿರಲಿಲ್ಲ.

ಮುನಾವರ್


ಸೋಲೂರು
8-9-2008

ಮುನಾವರ್,

ನಿನ್ನ ಕಾಗದವನ್ನು ಹಿತ್ತಲಿನಲ್ಲಿ ನಿಂತು ಓದಿದೆ. ಮತ್ತೆ ಓದಿದೆ. ಅವನನ್ನು ಹೆಣದ ಹಾಗೆ ಹೊತ್ತು ತಂದ ಆ ಹುಡುಗರಿಗೆ ಈಗ ಹೇಗಿರಬೇಕು ಎಂದು ಯೋಚಿಸಿದೆ. ಅವರ ಹೆಸರು ಬರೆಯದೆ ಒಳ್ಳೆಯದು ಮಾಡಿದೆ. ಆದರೂ ಕಣ್ಣು ಒಣಗಿಯೇ ಇದೆ. ಇಷ್ಟು ಓದಿದ ಮೇಲೂ ಬರದಿದ್ದರೆ ನಾನು ಎಂಥ ಹೆಂಗಸು ಎಂದು ನನಗೇ ಅಸಹ್ಯವಾಗಿದೆ.

ಅವ್ವನಿಗೆ ಹೇಳಬಾರದು ಅಂದುಕೊಂಡಿದ್ದೆ. ಎರಡು ವಾರ ಹೇಳಲಿಲ್ಲ. ಮೊನ್ನೆ ಅವಳೇ "ಆ ಸಾಬ್ರುಡ್ಗ ಅದೇನ್ ಬರ್ದವ್ನೆ, ಒಲೆ ಮುಂದೆ ಕೂತ್ಕಂಡು ಅದನ್ನೇ ನೋಡ್ತೀಯಲ್ಲ, ಓದು" ಅಂದಳು. ಓದಿದೆ. ಒಂದಕ್ಷರ ಬಿಡದೆ ಓದಿದೆ. ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದವಳು ನಿಲ್ಲಿಸಲಿಲ್ಲ. ನಾನು ಓದಿ ಮುಗಿಸಿದ ಮೇಲೆ "ಮುಟ್ಟಿದ್ದು ಯಾರು?" ಎಂದಳು.

"ದೇವರಾಜು."

"ಸರ್ಯಾಗಿ ಮುಟ್ಟಿದ್ನಾ?"

"ಹೂಂ ಕಣವ್ವ."

ಅಷ್ಟು ಕೇಳಿ ರಾಗಿ ಕೇರುತ್ತಲೇ ಕೂತಳು. ನನಗೆ ಗಾಬರಿಯಾಯಿತು. ಬುದ್ಧಿ ಏನಾದರೂ ಹೆಚ್ಚುಕಮ್ಮಿ ಆಯಿತೇನೋ ಎಂದು ನಿಮ್ಮ ಭಾವನಿಗೂ ಹೇಳಿದೆ. ಬೆಳಗ್ಗೆ ಎದ್ದು ಹಾಲು ಕರೆಯುವಾಗ ಅವಳೇ ಬಂದು ಹೇಳಿದಳು. "ಪಂದ್ಯ ಮಾಡ್ಲಿ. ನಾನ್ ಹೋಯ್ತೀನಿ. ಮೈಕು ಮಾತ್ರ ಅಂಕಯ್ಯನೇ ಹಿಡ್ಕೋಬೇಕು ಅಂತ ಬರಿ."

ಅವ್ವನ ಮಾತಿಗೆ ನಾನು ಅಡ್ಡ ಬರುವುದಿಲ್ಲ. ನಿಮ್ಮ ಭಾವ ಕರೆದುಕೊಂಡು ಬರುತ್ತಾರೆ. ನಾನು ಬರುವುದಿಲ್ಲ, ನನ್ನನ್ನು ಕರೆಯಬೇಡ. ನಿನಗೆ ಉಪವಾಸದ ತಿಂಗಳು, ಬಿಸಿನೀರಿನ ಮುಂದೆ ನಿಂತು ನೂಲು ಬಿಚ್ಚುವವನು. ಸಾಯಂಕಾಲ ಬರೀ ಪಕೋಡ ತಿಂದುಕೊಂಡು ಇರಬೇಡ.

ರಾಧಾಮಣಿ


ರಾಮನಗರ
21-10-2008

ರಾಧಕ್ಕ,

ಭಾವ ಬಂದು ಎಲ್ಲ ಹೇಳಿರುತ್ತಾರೆ. ಆದರೂ ನಾನು ನೋಡಿದ್ದನ್ನು ನಾನೇ ಬರೆಯಬೇಕು.

ಅಂಕಯ್ಯನನ್ನು ಒಪ್ಪಿಸುವುದಕ್ಕೆ ಮೂರು ಸಲ ಅಂಗಡಿಗೆ ಹೋದೆ. ಶಿವಲಿಂಗಮ್ಮನವರೇ ಹೇಳಿ ಕಳಿಸಿದ್ದಾರೆ ಎಂದ ಮೇಲೆ ಬಂದರು. ಮೈಕು ಹಿಡಿದು ‘ಹಲೋ ಚೆಕ್’ ಅನ್ನುವುದಕ್ಕೂ ಆಗಲಿಲ್ಲ, ನಾನೇ ಅಂದೆ. ಜನ ತುಂಬಿತ್ತು. ಕೈಲಾಂಚದಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದರು, ಕಾರ್ಖಾನೆಯ ಹುಡುಗರು ಯೂನಿಫಾರಮ್ಮಿನಲ್ಲೇ ಬಂದಿದ್ದರು. ಇಷ್ಟು ಜನ ಸೇರಿ ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಕಂಡಿಲ್ಲ. ಆ ಮಾತು ಬಾಯಿ ತಪ್ಪಿ ಬಂದೀತು ಎಂದು ಎಲ್ಲರಿಗೂ ಭಯ.

ಅವ್ವ ಹಾರ ಹಾಕಿದರು. ಭಾಷಣದವರು ಧೀರ, ವೀರ, ಅಮರ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅವ್ವ ಕುರ್ಚಿಯಲ್ಲಿ ಕೂತಿದ್ದರು. ಕೊನೆಗೆ ಅಧ್ಯಕ್ಷರು "ತಾಯಿಯವರು ಎರಡು ಮಾತಾಡಬೇಕು" ಎಂದು ಸುಮ್ಮನೆ ಉಪಚಾರಕ್ಕೆ ಅಂದರು. ಅವ್ವ ಎದ್ದುಬಿಟ್ಟರು. ಅಂಕಯ್ಯನ ಹತ್ತಿರ ಹೋಗಿ, ಅವರ ಕೈಯಲ್ಲಿದ್ದ ಮೈಕನ್ನು ಕೈ ಸಮೇತ ತಮ್ಮ ಬಾಯಿ ಹತ್ತಿರ ಎಳೆದುಕೊಂಡರು. ಅವರು ಹೇಳಿದ್ದು ಇಷ್ಟೆ:

"ಆಡ್ರಪ್ಪ. ಸತ್ತೋನ್ನ ಸತ್ತ ಅನ್ನಿ. ಎದ್ದೋನ್ನ ಎದ್ದ ಅನ್ನಿ. ಅದ್ಲುಬದ್ಲು ಮಾಡ್ಬ್ಯಾಡಿ."

ನೀವು ಬರೆಯಬೇಡ ಅಂದ ಮಾತನ್ನು ಬರೆದಿದ್ದೇನೆ, ಕ್ಷಮಿಸಿ, ಆಡಿದ್ದು ನಿಮ್ಮ ಅವ್ವ. ಅಂಕಯ್ಯ ಅಲ್ಲೇ ಮೈಕಿನ ಮುಂದೆ ಗೊಳೋ ಎಂದು ಅತ್ತರು, ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಅವ್ವ ಅವರ ಬೆನ್ನ ಮೇಲೆ ಕೈ ಇಟ್ಟು, "ಸುಮ್ಕಿರಪ್ಪ, ಕೆಲ್ಸ ನೋಡು" ಎಂದು ಹೋಗಿ ಕೂತರು.

ಆಟ ಶುರುವಾಯಿತು. ಮೊದಲ ದಾಳಿಯಲ್ಲೇ ಒಬ್ಬ ಹುಡುಗನನ್ನು ಹಿಡಿದರು. ಎಲ್ಲರೂ ಅಂಕಯ್ಯನನ್ನು ನೋಡಿದೆವು. ಅವರು ಮೆತ್ತಗೆ, ದೇವಸ್ಥಾನದಲ್ಲಿ ಹೆಸರು ಹೇಳುವ ಹಾಗೆ, "ಸತ್ತ" ಅಂದರು. ಆಮೇಲೆ ಆ ಹುಡುಗ ಏಳುವ ಸರದಿ ಬಂದಾಗ ಅವಸರ ಮಾಡಲಿಲ್ಲ. ಅವನು ಎದ್ದು ನಿಂತು, ಚಡ್ಡಿ ಕೊಡವಿಕೊಂಡು, ಗೆರೆಯೊಳಗೆ ಕಾಲಿಟ್ಟದ್ದನ್ನು ಕಣ್ಣಾರೆ ನೋಡಿದ ಮೇಲೆಯೇ "ಎದ್ದ" ಎಂದರು. ದಿನವಿಡೀ ಹಾಗೇ ಮಾಡಿದರು. ಅದಕ್ಕೆ ಪಂದ್ಯ ಮುಗಿಯುವುದು ಹೊತ್ತಾಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ನೀವು ಬಂದಿದ್ದರೆ ಚೆನ್ನಾಗಿತ್ತು ಎಂದು ಹೇಳುವುದಿಲ್ಲ. ಅವ್ವನಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಡಿಸಿ ಕಳಿಸಿದೆ.

ಮುನಾವರ್


ಸೋಲೂರು
9-11-2008

ಮುನಾವರ್,

ನಿನ್ನ ಕಾಗದ ಬಂದು ಹತ್ತಿರ ಹತ್ತಿರ ಮೂರು ವಾರ ಆಯಿತು. ಬರೆಯುವುದಕ್ಕೆ ಏನೂ ಇರಲಿಲ್ಲ. ಅವ್ವ ಅವತ್ತು ಬಂದು ಕೈಕಾಲು ತೊಳೆದು, ಮುದ್ದೆ ಉಂಡು ಮಲಗಿದಳು. ಏನಾಯಿತು ಎಂದು ಕೇಳಿದ್ದಕ್ಕೆ "ಚೆನ್ನಾಗ್ ಆಡುದ್ರು" ಅಂದಳು. ಅಷ್ಟೆ. ಅವಳು ಮೈಕಿನಲ್ಲಿ ಹೇಳಿದ್ದನ್ನು ನಿನ್ನ ಕಾಗದದಲ್ಲೇ ನಾನು ಓದಿದ್ದು. ಓದಿ, ಮಡಿಸಿ ಇಟ್ಟೆ.

ಗುರುವಾರ ಅಂಗನವಾಡಿಯಲ್ಲಿ ಮಕ್ಕಳು ಮುಟ್ಟಾಟ ಆಡುತ್ತಿದ್ದವು. ನಾನು ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದೆ. ನಾಲ್ಕು ವರ್ಷದ್ದೊಂದು, ಸುಂಬಳ ಸುರಿಸಿಕೊಂಡು ಓಡಿ ಬಂದು, "ಮಿಸ್ಸೇ, ಮಂಜ ಸತ್ತ" ಅಂತು. "ಸತ್ರೆ ಆಚೆ ಕೂರ್ಸು" ಎಂದೆ. ಅಂದುಬಿಟ್ಟೆ ಮುನಾವರ್, ನನ್ನ ಬಾಯಿಂದಲೇ ಬಂತು. ಅದು ತಲೆ ಆಡಿಸಿ ಓಡಿಹೋಯಿತು. ಅಂಗಳದಲ್ಲಿ ಮಂಜ ಗೋಡೆಗೆ ಒರಗಿ ಕೂತಿದ್ದ, ಮುಖ ಊದಿಸಿಕೊಂಡು. ನಾನು ಅವನನ್ನೇ ನೋಡುತ್ತಾ ಇದ್ದೆ. ಏಳುತ್ತಾನೆ ಎಂದು ನೋಡುತ್ತಾ ಇದ್ದೆ. ಬೇರೆ ಮಕ್ಕಳು ಆಟ ಮರೆತು ಬೇರೆ ಏನೋ ಶುರು ಮಾಡಿದವು. ಅವನನ್ನು ಯಾರೂ ಕರೆಯಲಿಲ್ಲ. ಅವನು ಕಾಯುತ್ತಾ ಕೂತೇ ಇದ್ದ.

ನಾನು ಎದ್ದು ಉಗ್ರಾಣಕ್ಕೆ ಹೋಗಿ, ಹಿಟ್ಟಿನ ಮೂಟೆಗಳ ನಡುವೆ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಆಯಮ್ಮ ಬಂದು ಎಬ್ಬಿಸಿ ಮುಖ ತೊಳೆಸಿದಳು. ಮಕ್ಕಳನ್ನು ಅವಳೇ ಮನೆಗೆ ಕಳಿಸಿದಳು.

ಮನೆಗೆ ಬಂದೆ. ಅವ್ವ ಜಗಲಿಯಲ್ಲಿ ಕೂತಿದ್ದಳು. ನನ್ನ ಕಣ್ಣು ನೋಡಿದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಕೂತೆ. ನನ್ನ ತಲೆ ಸವರಿ ಕೇಳಿದಳು:

"ಈಗ ಮುಟ್ತಾ ನಿಂಗೆ ಸುದ್ದಿ?"

ನಿನ್ನ ರಾಧಕ್ಕ